ಗೇಟಿಗೆ ಕಟ್ಟಿದ ಕೆಂಪು ಬಟ್ಟೆ

ನಮ್ಮ ಬೀದಿಯ ಅತೀಕನಿಗೆ ಒಂದು ಕಾಲದಲ್ಲಿ ಹಾಡಿನ ಹುಚ್ಚು ಇತ್ತು ಅಂದರೆ, ಈಗ ಅವನ ಅಂಗಡಿಗೆ ಹಾಸಿಗೆ ಕೊಳ್ಳಲು ಹೋಗುವವರು ಯಾರೂ ನಂಬುವುದಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಹಾಗೆ ಕೂತಿರುತ್ತಾನೆ. ಡಬಲ್ ಬೇಕಾ, ಸಿಂಗಲ್ ಬೇಕಾ, ಹಳೇ ಹತ್ತಿ ಹಾಕಿಸುತ್ತೀರಾ, ಅಷ್ಟೇ ಮಾತು. ನಾನು ಅವನ ಎದುರು ಮನೆಯವಳು, ಶಿವರುದ್ರಮ್ಮ, ಬ್ಲೌಸ್ ಹೊಲಿಯುವವಳು. ಅವನು ಚಡ್ಡಿ ಹಾಕಿಕೊಳ್ಳಲು ಹಟ ಮಾಡುತ್ತಿದ್ದಾಗಿನಿಂದ ನೋಡಿದ್ದೇನೆ. ಆದ್ದರಿಂದ ಅವನ ಕತೆ ಹೇಳುವ ಹಕ್ಕು ನನಗಿದೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ. ಇಲ್ಲ ಅನ್ನುವವರು ನನ್ನ ಹತ್ತಿರ ಬ್ಲೌಸ್ ಹೊಲಿಸುವುದು ಬೇಡ.

ಶೆಟ್ಟಿಹಳ್ಳಿಯ ನಮ್ಮ ಬೀದಿ ಎಷ್ಟು ಕಿರಿದು ಅಂದರೆ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುತ್ತದೆ. ಬೀದಿಯ ಬಾಯಲ್ಲಿ ರುದ್ರಯ್ಯನ ಹಿಟ್ಟಿನ ಗಿರಣಿ. ಆಮೇಲೆ ಒಂದು ಕಡೆ ನಾನು, ನನ್ನ ಎದುರಿಗೆ ಏಜಾಜ್ ಅಹಮದ್ ಸಾಹೇಬರ ಮನೆ. ಅವರ ಗೋಡೆಗೆ ಅಂಟಿಕೊಂಡ ಹಾಗೆ ಬೀರಯ್ಯ, ಕದರಮ್ಮ ಗಂಡ ಹೆಂಡತಿಯ ಮನೆ. ಅತೀಕ್ ಈ ಸಾಹೇಬರ ದೊಡ್ಡ ಮಗ. ಅವನ ತಾಯಿ ಅಮೀನಾ ಬೀ ಗಂಡನ ಹಾಸಿಗೆ ಅಂಗಡಿಗೆ ಹೋಗಿ ಕವರು ಹೊಲಿಯುತ್ತಿದ್ದ ದಿನಗಳಲ್ಲಿ ಈ ಮಗು ಕದರಮ್ಮನ ಮಡಿಲಲ್ಲೇ ಬೆಳೆಯಿತು. ಕದರಮ್ಮನಿಗೆ ಇದ್ದ ಒಬ್ಬಳೇ ಮಗಳನ್ನು ಕೋರದ ಊರಿಗೆ ಮದುವೆ ಮಾಡಿ ಕೊಟ್ಟಾಗಿತ್ತು, ಕೈ ಖಾಲಿ ಇತ್ತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಇವನ ಬಾಯಿಗೆ ಇಟ್ಟವಳು ಅವಳು. ಬೀರಯ್ಯನ ಹೆಗಲ ಮೇಲೆ ಕೂತು ಇವನು ಇಡೀ ಶೆಟ್ಟಿಹಳ್ಳಿ ಸುತ್ತಿದ. ತಾತ, ಅಜ್ಜಿ ಅಂತಲೇ ಕರೆಯುತ್ತಿದ್ದ.

ಅತೀಕ್ ಕಾಲೇಜು ಸೇರಿದ ಮೇಲೆ ಈ ಹಾಡಿನ ರೋಗ ಶುರುವಾಯಿತು. ಜೊತೆಗೆ ಇಬ್ಬರು ಸಿಕ್ಕಿದರು. ಒಬ್ಬ ಗುಬ್ಬಿಯ ಸಿದ್ದಾರ್ಥ, ಕೊಬ್ಬರಿ ವ್ಯಾಪಾರದ ಮಹಾಲಿಂಗಯ್ಯನವರ ಮಗ, ತಬಲ ಬಾರಿಸುತ್ತಿದ್ದ. ಇನ್ನೊಬ್ಬಳು ಕುಣಿಗಲ್ಲಿನ ಭೂಮಿಕಾ. ದಿನಾ ಬಸ್ಸಿನಲ್ಲಿ ಬರುತ್ತಾ ಹೋಗುತ್ತಾ ಹಾಡು ಬರೆದು, ತಾನೇ ಹಾಡುತ್ತಿದ್ದಳು. ಅತೀಕ್ ರಾಗ ಹಾಕಿ, ಕೀಬೋರ್ಡು ನುಡಿಸಿ, ದನಿ ಸೇರಿಸುತ್ತಿದ್ದ. ಮೂರು ಊರಿನವರು ಸೇರಿದ್ದೇವೆ ಅಂತ ತಂಡಕ್ಕೆ ಮೂರೂರು ಅಂತ ಹೆಸರಿಟ್ಟುಕೊಂಡರು. ಗಣೇಶನ ಹಬ್ಬದಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹಾಡಿದ ಮೇಲೆ ಒಂದು ಕ್ಯಾಸೆಟ್ ಮಾಡಲೇಬೇಕು ಅನ್ನಿಸಿತು. ತೊಂಬತ್ತೊಂಬತ್ತನೇ ಇಸವಿ ಅದು. ಎಲ್ಲರೂ ಕ್ಯಾಸೆಟ್ ಮಾಡುವವರೇ.

ಬೆಂಗಳೂರಿನ ಸ್ಟುಡಿಯೋ ಮಾತು ಎತ್ತಿದರೆ ಏಜಾಜ್ ಸಾಹೇಬರು ಟೋಪಿ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಆಗ ಸಿದ್ದಾರ್ಥ ಒಂದು ಉಪಾಯ ಹೇಳಿದ. ಗುಬ್ಬಿಯಲ್ಲಿ ಮದುವೆಗೆ ಸೌಂಡ್ ಸಿಸ್ಟಮ್ ಕೊಡುವವನೊಬ್ಬ ಇದ್ದ. ಆಷಾಢದಲ್ಲಿ ಮದುವೆ ಇಲ್ಲವಲ್ಲ, ಅವನ ಮಿಕ್ಸರು, ಮೈಕು, ಕ್ಯಾಸೆಟ್ ಡೆಕ್ಕು ಎಲ್ಲ ಗೋಣಿಚೀಲದ ಕೆಳಗೆ ಧೂಳು ತಿನ್ನುತ್ತಿರುತ್ತವೆ. ಶ್ರಾವಣ ಹುಟ್ಟುವುದರೊಳಗೆ ವಾಪಸ್ ಕೊಡಬೇಕು, ಅಷ್ಟೇ ಕರಾರು. ಅಮೀನಾ ಬೀ ಮುಂದಿನ ಕೋಣೆ ಬಿಟ್ಟುಕೊಟ್ಟಳು. ಅಂಗಡಿಯಿಂದ ಹತ್ತಿ ಹಾಸಿಗೆಗಳು ಬಂದವು. ನಾಲ್ಕೂ ಗೋಡೆಗೆ, ಕಿಟಕಿಗೆ, ಬಾಗಿಲಿಗೆ ಹಾಸಿಗೆ ನಿಲ್ಲಿಸಿದರು. ಒಳಗೆ ಹೋದರೆ ದೊಡ್ಡ ದಿಂಬಿನ ಹೊಟ್ಟೆಯಲ್ಲಿ ಕೂತ ಹಾಗೆ. ಹಾಸಿಗೆ ಇರುವುದು ಮಲಗಲು, ಹಾಡಲು ಅಲ್ಲ ಅಂತ ಸಾಹೇಬರು ಗೊಣಗಿದರು. ಆದರೆ ಗಾಡಿಯಿಂದ ಅವುಗಳನ್ನು ಇಳಿಸಿಕೊಟ್ಟವರೂ ಅವರೇ.

ಮೂವರೂ ಒಟ್ಟಿಗೆ ನುಡಿಸಿ ಹಾಡಬೇಕು, ಡೆಕ್ಕು ಅದನ್ನು ಹಾಗೇ ಹಿಡಿಯುತ್ತದೆ. ನಡುವೆ ಒಂದು ಕೆಮ್ಮು ಬಂದರೂ ಹಾಡು ಹಾಳು, ಮತ್ತೆ ಮೊದಲಿಂದ. ಹಾಸಿಗೆ ಎಷ್ಟು ನಿಲ್ಲಿಸಿದರೇನು, ನಮ್ಮ ಬೀದಿಯ ಗಂಟಲು ಅದಕ್ಕಿಂತ ದೊಡ್ಡದು. ಮೊದಲ ದಿನಗಳಲ್ಲಿ ಹಿಡಿದದ್ದನ್ನು ನಮಗೆಲ್ಲ ಕೇಳಿಸಿದರು. ಭೂಮಿಕಾಳ ದನಿಯ ಹಿಂದೆ ರುದ್ರಯ್ಯನ ಗಿರಣಿ ಗುರ್ ಅನ್ನುತ್ತಿತ್ತು, ನನ್ನ ಹೊಲಿಗೆ ಮಿಷನ್ನು ಟಕಟಕ ಅನ್ನುತ್ತಿತ್ತು, ಹಾಡಿನ ಕೊನೆಯಲ್ಲಿ ಹಳೇ ಪಾತ್ರೆಯವನೊಬ್ಬ ಕೂಗುತ್ತಿದ್ದ. ನಮಗೆ ನಗು ತಡೆಯಲಿಲ್ಲ. ಅತೀಕನ ಕಣ್ಣಲ್ಲಿ ನೀರು ನಿಂತಿತ್ತು.

ಅದನ್ನು ನೋಡಿದವನು ಬೀರಯ್ಯ. ಅವನು ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದು ರಿಟೈರ್ ಆದವನು. ಖಾಕಿ ಅಂಗಿ ಮಾತ್ರ ಇನ್ನೂ ರಿಟೈರ್ ಆಗಿರಲಿಲ್ಲ. ಕಾಯುವುದಕ್ಕೆ ಏನೂ ಇಲ್ಲದೆ ಒದ್ದಾಡುತ್ತಿದ್ದವನಿಗೆ ಕೆಲಸ ಸಿಕ್ಕಿತು. ಹಾಸಿಗೆಗೆ ಹಾಕುವ ಕೆಂಪು ಬಟ್ಟೆಯ ಒಂದು ತುಂಡನ್ನು ಅಮೀನಾ ಬೀ ಹತ್ತಿರ ಇಸಿದುಕೊಂಡು ಅವಳ ಮನೆಯ ಗೇಟಿಗೆ ಕಟ್ಟಿದ. ಈ ಬಟ್ಟೆ ಇರುವ ತನಕ ಬೀದಿಯಲ್ಲಿ ಯಾರೂ ಸದ್ದು ಮಾಡಕೂಡದು, ಬಟ್ಟೆ ಬಿಚ್ಚಿದ ಮೇಲೆ ಏನು ಬೇಕಾದರೂ ಬಡಿದುಕೊಳ್ಳಿ ಅಂತ ಮನೆಮನೆಗೆ ಹೋಗಿ ಹೇಳಿ ಬಂದ. ಬೀದಿಯ ಬಾಯಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು, ಕೋಲು ಹಿಡಿದು ಕೂತ. ಕಡ್ಲೆಪುರಿಯವನಿರಲಿ, ಸೊಪ್ಪಿನವಳಿರಲಿ, ಬಾಯಿಗೆ ಬೆರಳಿಟ್ಟು ನಿಲ್ಲಿಸುತ್ತಿದ್ದ. ರಿಕಾಡು ನಡೀತೈತೆ ಅಂತ ಪಿಸುಗುಟ್ಟುತ್ತಿದ್ದ.

ಕರೆಂಟು ಆ ದಿನಗಳಲ್ಲಿ ಬಂದರೆ ಬಂತು, ಹೋದರೆ ಹೋಯಿತು. ಕರೆಂಟು ಇರುವ ಹೊತ್ತಲ್ಲೇ ಇವರು ಹಾಡಬೇಕು, ಕರೆಂಟು ಇರುವ ಹೊತ್ತಲ್ಲೇ ರುದ್ರಯ್ಯ ರಾಗಿ ಬೀಸಬೇಕು. ರುದ್ರಯ್ಯ ಮೂರು ದಿನ ಬೈದ, ನಾಲ್ಕನೇ ದಿನ ಗಿರಣಿ ನಿಲ್ಲಿಸಿದ. ನಾನು ಮಿಷನ್ ಬಿಟ್ಟು ಕೈಯಲ್ಲಿ ಹುಕ್ಕು ಹಾಕುತ್ತಾ ಕೂತೆ. ಮಿಕ್ಸಿ ನಿಂತಿತು, ಕುಕ್ಕರು ನಿಂತಿತು. ಮಸೀದಿಯ ಅಜಾನ್ ಹೊತ್ತಿಗೆ ಹುಡುಗರೇ ಹಾಡು ನಿಲ್ಲಿಸಿ ಟೀ ಕುಡಿಯುತ್ತಿದ್ದರು. ಹೇಳಿದರೆ ನಗುತ್ತೀರಿ, ಆ ಆಷಾಢದಲ್ಲಿ ನಮಗೆ ಸುಮ್ಮನಿರುವುದೇ ಒಂದು ಜಂಬವಾಗಿತ್ತು. ಪಕ್ಕದ ಬೀದಿಯವರಿಗೆ ನಮ್ಮ ಬೀದಿಯಲ್ಲಿ ಕ್ಯಾಸೆಟ್ ಆಗುತ್ತಿದೆ ಅಂತ ಹೇಳಿಕೊಂಡು ತಿರುಗುತ್ತಿದ್ದೆವು.

ಆಷಾಢ ಮುಗಿಯುತ್ತಾ ಬಂತು. ಎಲ್ಲ ಹಾಡೂ ಆಗಿ ಕೊನೆಯದೊಂದು ಉಳಿದಿತ್ತು. ಗುಬ್ಬಿ ಗೇಟ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವ ಹುಡುಗಿಯ ತಮಾಷೆ ಹಾಡು ಅದು. ಸಂಜೆಗೆ ಸಾಮಾನೆಲ್ಲ ಗುಬ್ಬಿಗೆ ಹೋಗಬೇಕು. ಮಧ್ಯಾಹ್ನ ಕರೆಂಟು ಬಂದ ಕೂಡಲೇ ಬಟ್ಟೆ ಕಟ್ಟಿ ಒಳಗೆ ಹೋದರು. ಒಂದು ಸಲ ತಬಲ ತಪ್ಪಿತು, ಒಂದು ಸಲ ಭೂಮಿಕಾ ನಕ್ಕುಬಿಟ್ಟಳು. ಕರೆಂಟು ಯಾವಾಗ ಹೋಗುತ್ತದೋ ಅನ್ನುವ ಭಯದಲ್ಲಿ ಅತೀಕನ ತಲೆ ಕಾದಿತ್ತು.

ಬೀರಯ್ಯ ಕುರ್ಚಿಯಿಂದ ಎದ್ದು ತನ್ನ ಕೋಲನ್ನು ರುದ್ರಯ್ಯನ ಕೈಗೆ ಕೊಟ್ಟ. ಯಾಕೋ ಬೆವರು ಕಿತ್ತುಕೊಂಡು ಬರುತ್ತಿದೆ, ಒಂದು ಲೋಟ ನೀರು ಕುಡಿದು ಬರುತ್ತೇನೆ, ಅಲ್ಲಿ ತನಕ ಯಾರನ್ನೂ ಬಿಡಬೇಡ ಅಂದನಂತೆ. ಮನೆಯ ಜಗಲಿ ಮೇಲೆ ಗೋಡೆಗೆ ಒರಗಿ ಕೂತ. ಕದರಮ್ಮ ನೀರು ತರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಲೋಟ ಬಿದ್ದ ಸದ್ದಿಗೆ ನಾನು ಎದ್ದೆ. ಅಮೀನಾ ಬೀಯೂ ಅಡುಗೆ ಮನೆಯಿಂದ ಹಿತ್ತಲ ಬಾಗಿಲಲ್ಲಿ ಓಡಿ ಬಂದಳು. ಕದರಮ್ಮ ಗಂಡನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಕೂತಿದ್ದಳು. ನಮ್ಮನ್ನು ನೋಡಿದ ಕೂಡಲೇ ಬಾಯಿ ಬಿಟ್ಟು ಒಂದೇ ಸಲ ಕೂಗಿದಳು. ಆಗ ಕಿಟಕಿಯ ಹಾಸಿಗೆಯ ಹಿಂದಿನಿಂದ ಒಂದು ದನಿ ಬಂತು.

"ಯಾರ್ರೀ ಅದು ಬಡ್ಕೊಳ್ತಿರೋದು? ಬಾಯ್ ಮುಚ್ಕೊಂಡಿರಕ್ಕಾಗಲ್ವಾ ಒಂದ್ ನಿಮಿಷ?"

ಕದರಮ್ಮನ ಕೂಗು ಅರ್ಧಕ್ಕೆ ನಿಂತುಹೋಯಿತು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಅಮೀನಾ ಬೀ ಮುಖ ಕೆಂಪಗೆ ಮಾಡಿಕೊಂಡು ಬಾಗಿಲು ಒಡೆಯುವವಳ ಹಾಗೆ ಎದ್ದಳು. ಕದರಮ್ಮ ಅವಳ ಕೈ ಹಿಡಿದು ಕೂರಿಸಿದಳು. ಸೆರಗು ತೆಗೆದು ಇಷ್ಟೇ ಹೇಳಿದಳು:

"ಬುಡವ್ವ. ಮುಗಿಸ್ಕಳ್ಳಿ."

ಮತ್ತೆ ಸೆರಗು ಬಾಯಿಗೆ ಹೋಯಿತು. ಒಳಗೆ ಹಾಡು ಮೊದಲಿಂದ ಶುರುವಾಯಿತು. ಹಾಸಿಗೆ ಎಷ್ಟಿದ್ದರೂ ತಬಲದ ಪೆಟ್ಟು ನಮಗೆ ಕೇಳುತ್ತಿತ್ತು, ಹುಡುಗಿ ಬಸ್ಸಿನ ಕಂಡಕ್ಟರನನ್ನು ಛೇಡಿಸುವುದು ಕೇಳುತ್ತಿತ್ತು. ರುದ್ರಯ್ಯ ಕೋಲು ಹಿಡಿದುಕೊಂಡೇ ಓಡಿ ಬಂದ. ಬಾಯಿ ತೆರೆದವನಿಗೆ ಕದರಮ್ಮ ಗೇಟಿನ ಕೆಂಪು ಬಟ್ಟೆಯ ಕಡೆ ಕೈ ತೋರಿಸಿದಳು. ಅಕ್ಕಪಕ್ಕದ ಹೆಂಗಸರು ಬಂದರು, ಬಂದವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಕೂತರು. ಸತ್ತವನ ಹೆಂಡತಿಯೇ ಬೇಡ ಅಂದ ಮೇಲೆ ಅವಳ ಮಾತು ಮೀರಿ ಹೋಗಿ ಬಾಗಿಲು ತಟ್ಟಲು ಯಾರಿಗೂ ಕಾಲು ಬರಲಿಲ್ಲ. ಒಂದು ಹಾಡು ಎಷ್ಟು ಹೊತ್ತು ಇರುತ್ತದೆ ನೀವೇ ಹೇಳಿ. ಅವತ್ತಿನದು ಮುಗಿಯಲೇ ಇಲ್ಲ.

ಮುಗಿಯಿತು. ಒಳಗೆ ಹೋ ಅಂತ ಮೂವರೂ ಕಿರುಚಿದ್ದು ಕೇಳಿಸಿತು. ಬಾಗಿಲು ತೆರೆಯಿತು. ಸಿದ್ದಾರ್ಥ ಗೇಟಿನ ತಗಡಿನ ಮೇಲೆ ತಾಳ ಬಾರಿಸುತ್ತಾ ಬಂದ, ಭೂಮಿಕಾ ನಗುತ್ತಾ ಬಂದಳು. ಅತೀಕ್ ಹೆಡ್‌ಫೋನನ್ನು ಕೊರಳಿಗೆ ನೇತುಹಾಕಿಕೊಂಡೇ ಬಂದು ಕೆಂಪು ಬಟ್ಟೆ ಬಿಚ್ಚಿ ಮೇಲಕ್ಕೆ ಎಸೆದ. ತಾತ, ಆಯ್ತು ತಾತ, ಅಂತ ಬೀದಿಯ ಬಾಯಿಯ ಕಡೆ ನೋಡಿ ಕೂಗಿದ. ಕುರ್ಚಿ ಖಾಲಿ ಇತ್ತು. ತಿರುಗಿದ, ಜಗಲಿ ಕಂಡಿತು.

ಬಟ್ಟೆ ಬಿಚ್ಚಿದ್ದನ್ನು ನೋಡಿಕೊಂಡು ಕದರಮ್ಮ ಬಾಯಿಂದ ಸೆರಗು ತೆಗೆದಳು. ಆಮೇಲೆ ಅತ್ತಳು. ಅಷ್ಟು ಹೊತ್ತು ಅದುಮಿಟ್ಟಿದ್ದ ಅಳು ಹೇಗೆ ಬರುತ್ತದೆ ಅಂತ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ, ಕೇಳುವುದೂ ಬೇಡ. ಭೂಮಿಕಾ ಚರಂಡಿಯ ಕಲ್ಲಿನ ಮೇಲೆ ಕುಸಿದು ಕೂತಳು. ಅತೀಕನ ಮುಖ ಹಿಟ್ಟು ಬಳಿದ ಹಾಗೆ ಬಿಳಿಚಿಕೊಂಡಿತು.

ಆಗ ರುದ್ರಯ್ಯ ಕೇಳಿದ, ಒಳಗಿಂದ ಆ ಮಾತು ಆಡಿದ್ದು ಯಾರು ಅಂತ. ಕೇಳಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ. ಅತೀಕನ ಬಾಯಿ ತೆರೆದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮ ರುದ್ರಯ್ಯನಿಗೆ ಪ್ರಶ್ನೆ ಕೇಳುವುದಕ್ಕಿಂತ ಉತ್ತರ ಕೊಡುವುದರಲ್ಲಿ ಅವಸರ ಜಾಸ್ತಿ.

"ನಮ್ ಬೀದಿ ಹುಡುಗ ಹಂಗೆಲ್ಲ ಅನ್ನಲ್ಲ. ಏನ್ಲಾ ಗುಬ್ಬಿಯವ್ನೆ, ನೀನೇ ಅಲ್ವೇನ್ಲಾ?"

ಸಿದ್ದಾರ್ಥ ಅತೀಕನ ಮುಖ ನೋಡಿದ. ಅತೀಕ್ ನೆಲ ನೋಡಿದ. ಅಲ್ಲಿಗೆ ಆಗಿಹೋಯಿತು. ಬೀದಿಗೆಲ್ಲ ಅದೇ ಸತ್ಯವಾಯಿತು, ನಾನೂ ಅದನ್ನೇ ನಂಬಿದೆ. ಹತ್ತಿ ಹಾಸಿಗೆಯ ಮೂಲಕ ಬಂದ ಒರಟು ದನಿ ಯಾರದಾದರೂ ಆಗಬಹುದಿತ್ತು. ಹೊರಗಿನವನಾಗಿದ್ದರೆ ನಮಗೆ ಅನುಕೂಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ನಿಜದಲ್ಲಿ ಕೂಗಿದವನು ಅತೀಕ್. ಹಾಡಿನ ನಡುವೆ ಯಾರೋ ಅರಚಿದರು, ಪಾತ್ರೆ ಮಾರುವವಳೋ ಜಗಳಗಂಟಿಯೋ ಇರಬೇಕು ಅಂದುಕೊಂಡ, ಕಿಟಕಿಗೆ ಬಾಯಿಟ್ಟು ಕೂಗಿದ. ಹೆಡ್‌ಫೋನು ಕಿವಿಯಲ್ಲಿದ್ದವನಿಗೆ ದನಿ ಯಾರದು ಅಂತ ತಿಳಿಯಲಿಲ್ಲ. ತಿಳಿಯದೆ ಆಡಿದ ಮಾತು, ಅದನ್ನು ಯಾರಾದರೂ ಕ್ಷಮಿಸುತ್ತಿದ್ದರು. ತಿಳಿದ ಮೇಲೆ ನೆಲ ನೋಡಿದನಲ್ಲ, ಅದೇ ಅವನನ್ನು ತಿಂದದ್ದು.

ಅವತ್ತು ಸಿದ್ದಾರ್ಥನನ್ನು ಹೆಣದ ಹತ್ತಿರ ಬಿಡಲಿಲ್ಲ. ಅವನು ಗಿರಣಿಯ ಪಕ್ಕ ಕೈಕಟ್ಟಿ ನಿಂತಿದ್ದ. ಅತೀಕ್ ಚಟ್ಟಕ್ಕೆ ಹೆಗಲು ಕೊಟ್ಟ, ಮಣ್ಣು ಹಾಕುವ ತನಕ ಇದ್ದ, ಕದರಮ್ಮನ ಅಳಿಯನ ಜೊತೆ ಓಡಾಡಿದ. ಸ್ವಂತ ಮೊಮ್ಮಗನೂ ಇಷ್ಟು ಮಾಡಲ್ಲ ಅಂತ ಜನ ಹೊಗಳಿದರು. ಹೊಗಳಿದಷ್ಟೂ ಅವನು ಕುಗ್ಗಿದ. ದುಃಖ ಅಂತ ನಾವು ತಿಳಿದುಕೊಂಡೆವು.

ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ. ಅಮೀನಾ ಬೀಗೆ ಆ ಕ್ಷಣದಲ್ಲೇ ಗೊತ್ತಿತ್ತು. ಅವಳು ಮಗನನ್ನು ಬೈಯಲಿಲ್ಲ, ಗಂಡನಿಗೂ ಹೇಳಲಿಲ್ಲ. ನೀನೇ ಹೋಗಿ ಹೇಳು, ನಾನು ಹೇಳಿದರೆ ಅದು ನಿನ್ನ ಬಾಯಲ್ಲ, ಅಂದಳಂತೆ. ನಾಳೆ ಹೇಳುತ್ತೇನೆ ಅಮ್ಮಿ ಅಂದ. ತಿಥಿಯ ದಿನ ಹೇಳುತ್ತೇನೆ ಅಂದ. ರಂಜಾನ್ ಬಂತು, ಹಬ್ಬದ ದಿನ ಹೇಳುತ್ತೇನೆ ಅಂದ. ನಾಳೆ ಅಂದವನ ಮನೆ ಹಾಳು. ಅವಳು ಅವನ ಮುಂದೆ ತಟ್ಟೆ ಇಟ್ಟು, ಅನ್ನ ಬಡಿಸಿ, ಏನೂ ಮಾತಾಡದೆ ಎದ್ದು ಹೋಗುತ್ತಿದ್ದಳು. ಮಾತಿನ ಮಲ್ಲಿ ಆಗಿದ್ದ ಅವಳು ಹಾಗೆ ಮೌನ ಹಿಡಿದದ್ದು ನೋಡಿ ನಾನು ಆರೋಗ್ಯ ಸರಿ ಇಲ್ಲವೇನೋ ಅಂದುಕೊಂಡಿದ್ದೆ.

ಕ್ಯಾಸೆಟ್ ಬಂತು. ಆದರೆ ಕೊನೆಯ ಹಾಡು ಇರಲಿಲ್ಲ. ಎಲ್ಲ ಹಾಡುಗಳಿಗಿಂತ ಅದೇ ಚೆನ್ನಾಗಿ ಬಂದಿತ್ತಂತೆ, ಒಂದು ಅಪಸ್ವರ ಇಲ್ಲ, ಒಂದು ಹೊರಗಿನ ಸದ್ದಿಲ್ಲ. ಇರುವುದಾದರೂ ಹೇಗೆ. ಅದನ್ನು ಹಾಕಬಾರದು ಅಂತ ಅತೀಕ್ ಹಟ ಹಿಡಿದ. ಬೇರೆ ಹಾಡು ಮಾಡಲು ಹೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಕೊಂಡವರು ಎರಡನೇ ಮಗ್ಗುಲಿನ ಕೊನೆಯಲ್ಲಿ ಬರೀ ಸುಯ್ ಅನ್ನುತ್ತದೆ, ಕ್ಯಾಸೆಟ್ ಹಾಳಾಗಿದೆ ಅಂತ ಅಂಗಡಿಗೆ ವಾಪಸ್ ತಂದು ಕೊಟ್ಟರು. ಹಾಡುಗಳು ಚೆನ್ನಾಗಿಲ್ಲದ್ದಕ್ಕೇ ತಂಡ ಮುರಿದು ಬಿತ್ತು ಅಂತ ಊರವರ ತೀರ್ಪು. ಭೂಮಿಕಾ ಕುಣಿಗಲ್ಲಿನಲ್ಲೇ ಟೀಚರಾಗಿ ಮಕ್ಕಳಿಗೆ ಹಾಡು ಕಲಿಸುತ್ತಾ ಉಳಿದಳು. ಸಿದ್ದಾರ್ಥ ಅಪ್ಪನ ಕೊಬ್ಬರಿ ಮಂಡಿಗೆ ಕೂತ. ಹೋಗುವ ಮುಂಚೆ ಅತೀಕನಿಗೆ ಒಂದೇ ಮಾತು ಹೇಳಿದ್ದನಂತೆ. ನಾನಾಗೇ ಹೇಳಿದರೆ ಚಾಡಿ ಆಗುತ್ತದೆ, ನೀನು ಹೇಳುವ ತನಕ ನಾನೇ ಅಂತ ಇರಲಿ. ಇಂಥ ಮಾತು ಕೇಳಿಸಿಕೊಂಡ ಮೇಲೆ ಮನುಷ್ಯನಿಗೆ ನಿದ್ದೆ ಹೇಗೆ ಬರಬೇಕು.

ಅತೀಕ್ ಕೀಬೋರ್ಡನ್ನು ಅಟ್ಟಕ್ಕೆ ಹಾಕಿದ. ಅಪ್ಪನ ಅಂಗಡಿ ಹಿಡಿದ. ಅಂಬ್ರೀನ್ ಅನ್ನುವ ಒಳ್ಳೆ ಹುಡುಗಿ ಹೆಂಡತಿಯಾಗಿ ಬಂದಳು. ಗೋಡೆಗೆ ಗೋಡೆ ಅಂಟಿದ ಮನೆ, ಆದರೂ ಅವನು ಕದರಮ್ಮನಿಗೆ ಮುಖ ಕೊಡುತ್ತಿರಲಿಲ್ಲ. ಅವಳು ಬಾಗಿಲು ಸಾರಿಸುವ ಮುಂಚೆ ಮನೆ ಬಿಡುತ್ತಿದ್ದ. ಅವಳು ಜಗಲಿ ಮೇಲೆ ಕೂತಿದ್ದರೆ ಗಿರಣಿಯ ಹಿಂದಿನ ಸಂದಿಯಿಂದ ಸುತ್ತು ಹಾಕಿ ಬರುತ್ತಿದ್ದ. ಚಳಿಗಾಲಕ್ಕೆ ಹೊಸ ಕೌದಿ, ಹಬ್ಬಕ್ಕೆ ಶಾವಿಗೆ, ಎಲ್ಲ ಅಂಬ್ರೀನ್ ಕೈಯಲ್ಲಿ ಹೋಗುತ್ತಿತ್ತು. ಅತೀಕ ಯಾಕೆ ಬರಲ್ಲ ಅಂತ ಕದರಮ್ಮ ಪ್ರತಿ ಸಲ ಕೇಳುತ್ತಿದ್ದಳು. ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ಅಂಬ್ರೀನ್ ಪ್ರತಿ ಸಲ ಹೇಳುತ್ತಿದ್ದಳು. ನಮಗೆ ಅದು ವಿಚಿತ್ರ ಅನ್ನಿಸಿತ್ತು. ತಾತ ಇಲ್ಲದ ಮನೆ ನೋಡಲಾರ ಪಾಪ ಅಂತ ನಾವೇ ಅವನಿಗೆ ಒಂದು ಕಾರಣ ಹೊಲಿದುಕೊಟ್ಟಿದ್ದೆವು.

ನಾಲ್ಕೈದು ವರ್ಷ ಕಳೆದ ಮೇಲೆ ಸಿದ್ದಾರ್ಥ ಒಂದು ಬೆಳಿಗ್ಗೆ ನಮ್ಮ ಬೀದಿಗೆ ಬಂದ. ಅವನ ಮದುವೆ ಗೊತ್ತಾಗಿತ್ತು, ಕರೆಯಲು ಬಂದಿದ್ದ. ಅದೇ ಹೊತ್ತಿಗೆ ಅತೀಕ್ ಗಿರಣಿಯ ಮುಂದೆ ಟಿವಿಎಸ್ ನಿಲ್ಲಿಸಿಕೊಂಡು ಹಾಸಿಗೆ ಕಟ್ಟುತ್ತಿದ್ದ. ರುದ್ರಯ್ಯ ಕೈಯ ಹಿಟ್ಟು ಕೊಡವಿಕೊಂಡು ಹೊರಗೆ ಬಂದ, ಲಗ್ನಪತ್ರಿಕೆ ಮುಟ್ಟಲಿಲ್ಲ. ಹೆಣದ ಮುಂದೆ ಬಾಯಿ ಮುಚ್ಚು ಅಂದವನ ಮನೆಯಲ್ಲಿ ಊಟಕ್ಕೆ ಎಲೆ ಹಾಕಿದರೆ ನಮಗೆ ಅನ್ನ ಇಳಿಯುತ್ತದಾ ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದ. ಸಿದ್ದಾರ್ಥನ ಕಿವಿ ಕೆಂಪಾಯಿತು. ಆಗಲೂ ಅವನು ಅತೀಕನ ಕಡೆ ನೋಡಿದ. ಅತೀಕ್ ಹಗ್ಗದ ಗಂಟು ಬಿಚ್ಚಿ ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ಆ ಗಂಟು ಸರಿಯಾಗೇ ಇತ್ತು. ಏನೋ ಇದೆ ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಆವತ್ತೇ.

ಜಗಲಿಯಿಂದ ಕದರಮ್ಮ ಕರೆದಳು. ಸಿದ್ದಾರ್ಥನನ್ನು ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟಳು, ಪತ್ರಿಕೆಗೆ ಕೈಯೊಡ್ಡಿದಳು. ಮದುವೆಯ ದಿನ ಬಿಳೀ ಸೀರೆ ಉಟ್ಟುಕೊಂಡು, ನನ್ನನ್ನು ಜೊತೆಗೆ ಎಳೆದುಕೊಂಡು ಬಸ್ಸಿನಲ್ಲಿ ಗುಬ್ಬಿಗೆ ಹೋದಳು. ಗಂಡ ಇಲ್ಲದವಳು ಅಕ್ಷತೆ ಹಾಕಬಾರದು ಅಂತ ಹಿಂದೆ ಸರಿಯುತ್ತಿದ್ದವಳನ್ನು ಸಿದ್ದಾರ್ಥನೇ ಮಂಟಪದಿಂದ ಇಳಿದು ಬಂದು ಕೈ ಹಿಡಿದು ಕರೆದುಕೊಂಡು ಹೋದ. ಅವಮಾನ ಮಾಡಿದವನಿಗೂ ಆಶೀರ್ವಾದ ಮಾಡಿ ಬಂದಳು ಅಂತ ನಮ್ಮ ಬೀದಿ ಕದರಮ್ಮನನ್ನು ಕೊಂಡಾಡಿತು. ಅತೀಕ್ ಮದುವೆಗೆ ಬರಲಿಲ್ಲ. ಜ್ವರ ಅಂದನಂತೆ. ಜೊತೆಗಾರನ ಮದುವೆಗೆ ಹೋಗಲಾರದ ಜ್ವರ ಯಾವ ಡಾಕ್ಟರೂ ಕಂಡಿಲ್ಲ.

ಆ ರಾತ್ರಿಯೋ ಮಾರನೇ ದಿನವೋ ಅಮೀನಾ ಬೀ ಕೊನೆಗೂ ಬಾಯಿ ಬಿಟ್ಟಿದ್ದಳು. ನಿನ್ನ ಅಜ್ಜಿ ಸಾಯುವ ತನಕ ಕಾಯುತ್ತೀಯಾ ಅಂತ ಕೇಳಿದಳಂತೆ. ಅವನು ಗೋಡೆಗೆ ತಿರುಗಿ ಮಲಗಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರ್ತದಾ ಅಂತ ನಮ್ಮವರು ಅನ್ನುತ್ತಾರೆ. ಅವನಿಗೆ ಮಾನ ಹೋಗಿದ್ದು ಯಾರಿಗೂ ಕಾಣದ ಹಾಗೆ, ಅದು ಇನ್ನೂ ಕಷ್ಟ. ಊರಿಗೆಲ್ಲ ಅವನು ಒಳ್ಳೆಯ ಹುಡುಗ. ಒಬ್ಬನೇ ಇದ್ದಾಗ ಮಾತ್ರ ಅವನಿಗೆ ತನ್ನ ಗುರುತು ಸಿಗುತ್ತಿತ್ತು.

ಎರಡು ಸಾವಿರದ ಏಳರಲ್ಲಿ ಕದರಮ್ಮನಿಗೆ ಕಣ್ಣು ಮಂಜಾಯಿತು, ಮೆಟ್ಟಿಲು ಹತ್ತಲು ಕಷ್ಟವಾಯಿತು. ಕೋರದ ಮಗಳು ಬಂದು, ಇನ್ನು ಸಾಕು, ನಮ್ಮ ಜೊತೆ ಇರು ಅಂತ ಹಟ ಹಿಡಿದಳು. ಒಂದು ಭಾನುವಾರ ಅಳಿಯ ಟೆಂಪೋ ತಂದ. ಬೀದಿಗೆ ಬೀದಿಯೇ ಸೇರಿತು. ಹೆಂಗಸರು ಪಾತ್ರೆ ಸುತ್ತಿದೆವು, ರುದ್ರಯ್ಯ ಒರಳು ಹೊತ್ತು ತಂದ. ಸಾಮಾನು ಕಟ್ಟಲು ಬರುವವರು ಯಾರು ಅಂತ ಅಳಿಯ ಕೇಳಿದ. ನಮ್ಮ ಬೀದಿಯಲ್ಲಿ ಹಗ್ಗ ಬಿಗಿಯುವ ಕೆಲಸ ಅಂದರೆ ಅತೀಕನದೇ. ಅಂಗಡಿಗೆ ಯಾರೋ ಹೋಗಿ ಕರೆದರು. ಈ ಸಲ ಸಂದಿಯಿಂದ ಸುತ್ತು ಹಾಕುವ ದಾರಿ ಇರಲಿಲ್ಲ.

ಬಂದ. ಯಾರ ಮುಖವನ್ನೂ ನೋಡದೆ ಟೆಂಪೋ ಹತ್ತಿದ. ಮಂಚ, ಟ್ರಂಕು, ಒರಳು, ಅವನೇ ಕಳಿಸಿದ್ದ ಕೌದಿಗಳ ಗಂಟು, ಎಲ್ಲ ಜೋಡಿಸಿ ಹಗ್ಗ ಬಿಗಿದ. ಕೆಳಗೆ ಇಳಿದು ಬೆವರು ಒರೆಸಿಕೊಂಡು ಹೊರಟ. ಅಮೀನಾ ಬೀ ತನ್ನ ಬಾಗಿಲಲ್ಲಿ ನಿಂತಿದ್ದಳು. ಅವಳು ದಾರಿ ಬಿಡಲಿಲ್ಲ.

ಅಷ್ಟು ಹೊತ್ತಿಗೆ ಕದರಮ್ಮನನ್ನು ಮಗಳು ಕರೆದುಕೊಂಡು ಬಂದಳು. ಟೆಂಪೋದ ಮೆಟ್ಟಿಲು ಎತ್ತರ. ಅವಳು ಮಂಜು ಕಣ್ಣಲ್ಲಿ ತಡಕಾಡುತ್ತಾ ಕೈ ಚಾಚಿದಳು. ಹತ್ತಿರ ಇದ್ದವನು ಅತೀಕ್, ಹಿಡಿದುಕೊಂಡ. ಹಿಡಿದುಕೊಂಡವನು ಅವಳನ್ನು ಹತ್ತಿಸಲಿಲ್ಲ.

"ಅಜ್ಜಿ, ಅವತ್ತು ನಿಂಗೆ ಬಾಯ್ ಮುಚ್ಚು ಅಂದಿದ್ದು ಸಿದ್ದಾರ್ಥ ಅಲ್ಲ. ನಾನು."

ಎಂಟು ವರ್ಷ ಬೈದ ರುದ್ರಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅತೀಕ್ ಅಳುತ್ತಿದ್ದ. ಹೆಂಡತಿ ಮಕ್ಕಳಿರುವ ಗಂಡಸು, ಬೀದಿಯ ನಡುವೆ, ಮೂಗು ಸುರಿಸಿಕೊಂಡು ಅಳುತ್ತಿದ್ದ. ಗೊತ್ತಾಗಲಿಲ್ಲ ಅಜ್ಜಿ, ಆಮೇಲೆ ಹೇಳಕ್ಕೆ ಮುಖ ಇರಲಿಲ್ಲ ಅಂತ ತೊದಲಿದ. ಬೈಯಲಿ ಅಂತ ಕಾಯುತ್ತಿದ್ದ ಅಂತ ಕಾಣುತ್ತದೆ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕದರಮ್ಮ ಇನ್ನೊಂದು ಕೈಯಿಂದ ಅವನ ಮುಖ ಹುಡುಕಿ ಮುಟ್ಟಿದಳು.

"ಗೊತ್ತು ಕಣಪ್ಪ. ನಿನ್ ದನಿ ನಂಗೆ ತಿಳಿಯಾಕಿಲ್ವಾ? ಬ್ಯಾರೆ ಯಾರಾನ ಅಂದಿದ್ರೆ ನಾನ್ ಸುಮ್ಕಾಯ್ತಿದ್ನಾ? ನೀನ್ ಅಂದೆ ಅಂತ ಸುಮ್ಕಾದೆ."